ಕಾರ್ನಿಯಾ 498 ಮೈಕ್ರಾನ್, ಪವರ್ ಆರರ ಆಸುಪಾಸು: ಲೇಸಿಕ್, ಪಿಆರ್‌ಕೆ, ಸ್ಮೈಲ್, ಐಸಿಎಲ್ ಇವುಗಳಲ್ಲಿ ಕನ್ನಡಕ ಬಿಡಿಸಲು ಯಾವುದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 24. ಊರು ತೀರ್ಥಹಳ್ಳಿಯ ಹತ್ತಿರ. ವಾರದ ಐದು ದಿನ ಶಿವಮೊಗ್ಗದಲ್ಲಿ ಲೆಕ್ಕಪತ್ರದ ಕೆಲಸ, ಶನಿವಾರ ಮತ್ತು ಭಾನುವಾರ ಮನೆಯ ಅಡಿಕೆ ತೋಟ. ಐದನೆಯ ತರಗತಿಯಲ್ಲಿ ಮೇಷ್ಟರು ಹಲಗೆಯ ಮೇಲೆ ಬರೆದ ಲೆಕ್ಕ ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆದು ಸಿಕ್ಕಿಬಿದ್ದ ದಿನದಿಂದ ಕನ್ನಡಕ ನನ್ನ ಮೂಗಿನ ಮೇಲಿದೆ. ಈಗ ಬಲಗಣ್ಣಿಗೆ ಮೈನಸ್ 5.50, ಅದರ ಜೊತೆ ಮೈನಸ್ 1.25 ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಾಗಿಲ್ಲದ್ದಕ್ಕೆ ಕೊಡುವ ಪವರ್), ಎಡಗಣ್ಣಿಗೆ ಮೈನಸ್ 6.25, ಜೊತೆಗೆ ಮೈನಸ್ 0.75 ಸಿಲಿಂಡರ್. ಎರಡು ವರ್ಷದಿಂದ ಪವರ್ ಬದಲಾಗಿಲ್ಲ.

ಮಳೆಗಾಲದಲ್ಲಿ ಬೈಕಿನಲ್ಲಿ ಊರಿಗೆ ಹೋಗುವಾಗ ಹೆಲ್ಮೆಟ್ಟಿನ ಗಾಜು, ಅದರೊಳಗೆ ಕನ್ನಡಕದ ಗಾಜು, ಎರಡರ ಮೇಲೂ ಉಸಿರಿನ ಮಂಜು ಕೂತರೆ ಎದುರಿನ ಬಸ್ಸು ಎಷ್ಟು ದೂರದಲ್ಲಿದೆ ಎಂಬುದೇ ತಿಳಿಯುವುದಿಲ್ಲ. ತೋಟದಲ್ಲಿ ಕೊಳೆ ಔಷಧಿ ಹೊಡೆಯುವಾಗ ಮೇಲಿನಿಂದ ತೊಟ್ಟಿಕ್ಕುವ ಮೈಲುತುತ್ತ ಮತ್ತು ಸುಣ್ಣದ ನೀರಿಗೆ ಈಗಾಗಲೇ ಎರಡು ಜೊತೆ ಗಾಜು ಬಲಿಯಾಗಿವೆ. ಕಚೇರಿಯ ದಿನಗಳಲ್ಲಿ ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ, ಆದರೆ ತೋಟದ ಕೈಯಲ್ಲಿ ಅದನ್ನು ಮುಟ್ಟಲು ಧೈರ್ಯ ಸಾಲದು.

ಕನ್ನಡಕ ಬಿಡಿಸುವ ಚಿಕಿತ್ಸೆಗೆಂದು ಎರಡು ಕಣ್ಣಿನ ಆಸ್ಪತ್ರೆಗಳಲ್ಲಿ ತೋರಿಸಿದೆ. ಮೊದಲನೆಯ ಕಡೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ದಪ್ಪ ಬಲಕ್ಕೆ 498, ಎಡಕ್ಕೆ 502 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಎಂದು ಹೇಳಿ, ಲೇಸಿಕ್ ಬೇಡ, ಪಿಆರ್‌ಕೆ ಮಾಡಿಸಿ, ಇಲ್ಲವೇ ಐಸಿಎಲ್ ಯೋಚಿಸಿ ಎಂದರು. ಎರಡನೆಯ ಕಡೆಗೆ ಒಂದು ದಿನ ಕಚೇರಿಯಿಂದಲೇ ನೇರವಾಗಿ ಹೋಗಿದ್ದೆ. ಅಲ್ಲಿ ಲೇಸಿಕ್ ಮಾಡಬಹುದು, ಸ್ಮೈಲ್ ಆದರೆ ಇನ್ನೂ ಒಳ್ಳೆಯದು, ಮುಂದಿನ ವಾರವೇ ದಿನ ಕೊಡುತ್ತೇವೆ ಎಂದರು. ಒಂದೇ ಕಣ್ಣಿಗೆ ಎರಡು ಮಾತು ಹೇಗೆ ಬರುತ್ತವೆ? ಈ ಚಿಕಿತ್ಸೆಗಳ ನಡುವಿನ ನಿಜವಾದ ವ್ಯತ್ಯಾಸವೇನು? ತಿಳಿದವರು ಮತ್ತು ಮಾಡಿಸಿಕೊಂಡವರು ದಯವಿಟ್ಟು ಬರೆಯಿರಿ. ತಂದೆಯವರಿಗೆ ಇದು ಒಪ್ಪಿಗೆಯಿಲ್ಲ; "ಇರುವ ಕಣ್ಣನ್ನು ಕೆರೆಸಿಕೊಳ್ಳುವುದೇಕೆ" ಎನ್ನುತ್ತಾರೆ.

ಗಾಜಿನಂಗಡಿ

ನಾನು ಹದಿನಾಲ್ಕು ವರ್ಷದಿಂದ ದೃಷ್ಟಿ ಪರೀಕ್ಷಕನ ಕೆಲಸ ಮಾಡುತ್ತಿದ್ದೇನೆ, ಶಸ್ತ್ರಚಿಕಿತ್ಸಕನಲ್ಲ. ಆದ್ದರಿಂದ ಇದನ್ನು ಸಲಹೆ ಎನ್ನುವುದಕ್ಕಿಂತ, ಎರಡು ಮಾತು ಏಕೆ ಬಂದವು ಎಂಬುದರ ವಿವರಣೆ ಎಂದು ಓದಿಕೊಳ್ಳಿ.

ಸಮೀಪದೃಷ್ಟಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಇರಬೇಕಾದ ಸುಮಾರು 24 ಮಿಲಿಮೀಟರಿಗಿಂತ ಉದ್ದವಾಗಿರುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೆ ಸರಿಸುಮಾರು ಮೂರು ಡಯಾಪ್ಟರ್ (ಪವರಿನ ಅಳತೆ) ಮೈನಸ್ ಬರುತ್ತದೆ. ಬಿಂಬವು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಬೀಳುತ್ತದೆ. ಕಣ್ಣಿಗಿರುವ ಒಟ್ಟು 60 ಡಯಾಪ್ಟರ್‌ನಷ್ಟು ಶಕ್ತಿಯಲ್ಲಿ 43ರಷ್ಟು ಕಾರ್ನಿಯಾದ್ದೇ ಆಗಿರುವುದರಿಂದ, ಅದರ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಬಿಂಬವನ್ನು ಹಿಂದಕ್ಕೆ ಸರಿಸಬಹುದು. ಲೇಸರ್ ಚಿಕಿತ್ಸೆಗಳೆಲ್ಲ ಮಾಡುವುದು ಇಷ್ಟನ್ನೇ. ಉದ್ದವಾದ ಕಣ್ಣುಗುಡ್ಡೆ ಮಾತ್ರ ಉದ್ದವಾಗಿಯೇ ಉಳಿಯುತ್ತದೆ.

ಈಗ ನಿಮ್ಮ ಲೆಕ್ಕ. ಲೆಕ್ಕಪತ್ರದವರಾದ್ದರಿಂದ ಬೇಗ ಹಿಡಿಸುತ್ತದೆ. ಬಲಗಣ್ಣಿನಲ್ಲಿ 5.50 ಮತ್ತು 1.25 ಕೂಡಿಸಿದರೆ 6.75. ಒಂದು ಡಯಾಪ್ಟರ್ ತೆಗೆಯಲು ಸುಮಾರು 15 ಮೈಕ್ರಾನ್ ಕೆರೆಯಬೇಕಾಗುತ್ತದೆ ಎಂದು ಹಿಡಿದರೆ, ನೂರು ಮೈಕ್ರಾನ್. ಕನ್ನಡಕದ ಪವರಿಗೂ ಕಾರ್ನಿಯಾದ ಮೇಲಿನ ಪವರಿಗೂ ಸ್ವಲ್ಪ ಅಂತರವಿದೆ, ಯಂತ್ರದಿಂದ ಯಂತ್ರಕ್ಕೂ ವ್ಯತ್ಯಾಸವಿದೆ. ಒರಟು ಲೆಕ್ಕಕ್ಕೆ ಇದು ಸಾಕು. ಲೇಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲ್ಭಾಗದಲ್ಲಿ ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಒಂದು ಕಡೆ ಅಂಟಿಕೊಂಡಿರುವಂತೆ ಕತ್ತರಿಸಿ, ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರಿನಿಂದ ಕೆರೆದು, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. 498ರಲ್ಲಿ 110 ಮತ್ತು 100 ಕಳೆದರೆ ಕೆಳಗೆ 288 ಉಳಿಯಿತು. ಕನಿಷ್ಠ 250 ಉಳಿಯಬೇಕೆಂಬ ಹಳೆಯ ನಿಯಮದ ಪ್ರಕಾರ ನೀವು ಪಾಸಾದಿರಿ. ಆದರೆ 300 ಆದರೂ ಉಳಿಯಲಿ ಎನ್ನುವ ವೈದ್ಯರ ಕೈಯಲ್ಲಿ ಪಾಸಾಗುವುದಿಲ್ಲ. ಇನ್ನೊಂದು ಅಳತೆಯೂ ಇದೆ: ಒಟ್ಟು ದಪ್ಪದಲ್ಲಿ ಶೇಕಡಾ ಎಷ್ಟನ್ನು ಕದಲಿಸಿದೆವು ಎಂಬುದು. 498ರಲ್ಲಿ 210 ಎಂದರೆ ಶೇಕಡಾ 42. ಇದು 40ರೊಳಗಿರಲಿ ಎಂದು ಬಹಳ ಮಂದಿ ಬಯಸುತ್ತಾರೆ. ಎಡಗಣ್ಣು ಇದೇ ಲೆಕ್ಕದಲ್ಲಿ ಶೇಕಡಾ 43ರ ಹತ್ತಿರ ಹೋಗುತ್ತದೆ. ಎರಡು ಕಡೆಯವರು ಎರಡು ಗಡಿಗಳನ್ನು ಇಟ್ಟುಕೊಂಡಿದ್ದಾರೆ, ನೀವು ಆ ಎರಡು ಗಡಿಗಳ ನಡುವೆ ನಿಂತಿದ್ದೀರಿ.

ಪಿಆರ್‌ಕೆಯಲ್ಲಿ ಹಾಳೆ ಕತ್ತರಿಸುವುದೇ ಇಲ್ಲ. ಸುಮಾರು 50 ಮೈಕ್ರಾನಿನ ಮೇಲ್ಚರ್ಮವನ್ನು ತೆಗೆದು ನೇರವಾಗಿ ಕೆರೆಯುತ್ತಾರೆ. ಆ ಚರ್ಮ ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. 498ರಲ್ಲಿ 150 ಹೋದರೂ 348 ಉಳಿಯುತ್ತದೆ. ತೊಂದರೆ ಬೇರೆ ಕಡೆ ಇದೆ. ಆರರ ಮೇಲಿನ ಪವರಿಗೆ ಪಿಆರ್‌ಕೆ ಮಾಡಿದಾಗ ಕಾರ್ನಿಯಾದಲ್ಲಿ ತೆಳುಮಂಜಿನಂತಹ ಮಸುಕು ಬರುವ ಸಂಭವ ಹೆಚ್ಚು. ಅದನ್ನು ತಡೆಯಲು ಕೆರೆದ ಕೂಡಲೇ ಮೈಟೋಮೈಸಿನ್ ಎಂಬ ಔಷಧಿಯನ್ನು ಕೆಲವು ಸೆಕೆಂಡುಗಳ ಕಾಲ ಸೋಕಿಸುತ್ತಾರೆ, ಮುಂದೆ ಕೆಲವು ತಿಂಗಳು ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಸುತ್ತಾರೆ.

ಸ್ಮೈಲ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಹಾಳೆ ಇಲ್ಲ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಒಳಗಿನ ಮಸೂರದಾಕಾರದ ಬಿಲ್ಲೆಯನ್ನು ಎಳೆದು ತೆಗೆಯುತ್ತಾರೆ ಎಂಬುದು ನಿಜ. ನರಗಳು ಕಡಿಮೆ ತುಂಡಾಗುವುದರಿಂದ ಕಣ್ಣಿನ ಒಣಗುವಿಕೆ ಕಡಿಮೆ ಎಂಬುದೂ ನಿಜ. ಆದರೆ ತೆಗೆಯುವ ಅಂಗಾಂಶ ಕಡಿಮೆ ಎನ್ನುವಂತಿಲ್ಲ. ನಿಮ್ಮ ಪವರಿಗೆ ಬಿಲ್ಲೆ 130 ಮೈಕ್ರಾನಿನ ಹತ್ತಿರ ಬರಬಹುದು, ಅದರ ಮೇಲಿನ ಟೋಪಿ 120. ಉಳಿಯುವುದು 250ರ ಆಸುಪಾಸು. ಕಾರ್ನಿಯಾದ ಗಟ್ಟಿಯಾದ ಮುಂಭಾಗ ಕತ್ತರಿಸದೆ ಉಳಿಯುವುದರಿಂದ ಅಷ್ಟು ಕಟ್ಟುನಿಟ್ಟು ಬೇಡ ಎಂಬ ವಾದವಿದೆ. ಆದರೂ ತೆಳು ಕಾರ್ನಿಯಾಕ್ಕೆ ಸ್ಮೈಲ್ ತಾನಾಗಿಯೇ ಪರಿಹಾರವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಹೆಚ್ಚು ಕುಟುಕಿದ್ದು ನಿಮ್ಮ ಪ್ರಶ್ನೆಯ ಒಂದು ಸಾಲು. ಎರಡನೆಯ ಕಡೆಗೆ ಕಚೇರಿಯಿಂದಲೇ ಹೋದಿರಿ ಎಂದರೆ ಆ ಬೆಳಿಗ್ಗೆಯೂ ಕಣ್ಣಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇತ್ತೇ? ಮೃದು ಲೆನ್ಸ್ ಆದರೂ ಒಂದೆರಡು ವಾರ ತೆಗೆದಿಡಬೇಕು, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು. ಲೆನ್ಸಿನ ಒತ್ತಡಕ್ಕೆ ಕಾರ್ನಿಯಾದ ಆಕಾರ ಬದಲಾಗಿರುತ್ತದೆ, ದಪ್ಪವೂ ವ್ಯತ್ಯಾಸವಾಗಬಹುದು. ಹಾಗಿದ್ದಲ್ಲಿ ಆ ದಿನ ತೆಗೆದ ಕಾರ್ನಿಯಾದ ಆಕಾರದ ನಕ್ಷೆಯನ್ನು ನಂಬುವಂತಿಲ್ಲ.

ಒಂದು ಉಪಕಥೆ, ನಿಮ್ಮ ತಂದೆಯವರಿಗಾಗಿ. ಕೆರೆಯುವುದು ಎಂದರೆ ಅವರ ಮನಸ್ಸಿಗೆ ಬರುವುದು ಕತ್ತಿಯೇ ಇರಬೇಕು. ಇಲ್ಲಿ ಬಳಸುವುದು 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್, ಅದು ಸುತ್ತಲಿನ ಅಂಗಾಂಶವನ್ನು ಸುಡದೆ ಬೇಕಾದಷ್ಟನ್ನೇ ತೆಗೆಯುತ್ತದೆ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಕಂಡವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯನ್ನು ಅವರು ಪ್ರಯೋಗಾಲಯಕ್ಕೆ ಒಯ್ದು ಲೇಸರ್ ಹಾಯಿಸಿ ನೋಡಿದ್ದರಂತೆ.

ಹಿನ್ನೀರಿನವಳು

ನಾನು ಸಾಗರ ತಾಲ್ಲೂಕಿನ ಶಾಲಾ ಶಿಕ್ಷಕಿ. ಮೈನಸ್ 4ಕ್ಕೆ ಪಿಆರ್‌ಕೆ ಮಾಡಿಸಿಕೊಂಡು ಮೂರು ವರ್ಷವಾಯಿತು. ಮಾಡಿಸಿದ್ದಕ್ಕೆ ವಿಷಾದವಿಲ್ಲ, ಆದರೆ ಮೊದಲ ವಾರದ ಬಗ್ಗೆ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ ಎಂಬ ಸಿಟ್ಟು ಈಗಲೂ ಇದೆ. ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದವರು "ಎರಡು ದಿನ ಸ್ವಲ್ಪ ಕಿರಿಕಿರಿ" ಎಂದಿದ್ದರು.

ಲೇಸರ್ ಹಾಯಿಸಿದ್ದು ಒಂದು ಕಣ್ಣಿಗೆ ಒಂದು ನಿಮಿಷವೂ ಇರಲಾರದು, ನೋವೂ ಇರಲಿಲ್ಲ. ಹನಿ ಹಾಕಿ ಮರಗಟ್ಟಿಸಿದ್ದರು. ಸಂಜೆ ಆ ಮರಗಟ್ಟು ಇಳಿದ ಮೇಲೆ ಶುರುವಾಯಿತು. ಮದುವೆ ಮನೆಯಲ್ಲಿ ಒಂದು ಮೂಟೆ ಈರುಳ್ಳಿಯನ್ನು ಒಬ್ಬಳೇ ಹೆಚ್ಚಿದರೆ ಹೇಗಿದ್ದೀತೋ ಹಾಗೆ, ಮೂರು ದಿನ. ಶಿವಮೊಗ್ಗದ ಅಕ್ಕನ ಮನೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಮಲಗಿದ್ದೆ. ಮೇಲೆ ಹಾಕಿದ್ದ ಬ್ಯಾಂಡೇಜ್ ಲೆನ್ಸನ್ನು ಐದನೆಯ ದಿನ ತೆಗೆದರು. ವಾರದ ಹೊತ್ತಿಗೆ ನಡೆದಾಡುವಷ್ಟು ಕಾಣುತ್ತಿತ್ತು, ಆದರೆ ಹಾಜರಿ ಪುಸ್ತಕದ ಸಾಲುಗಳು ಒಂದರ ಮೇಲೊಂದು ಹತ್ತಿದಂತೆ ಕಾಣುತ್ತಿದ್ದವು. ದಸರಾ ರಜೆಯಲ್ಲಿ ಮಾಡಿಸಿಕೊಂಡು ರಜೆ ಮುಗಿದ ದಿನವೇ ತರಗತಿಗೆ ಹೋಗುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಅಕ್ಷರಗಳು ಚುಚ್ಚಿದಂತೆ ಸ್ಪಷ್ಟವಾಗಲು ತಿಂಗಳಿನ ಮೇಲಾಯಿತು. ಅದೇ ಸಮಯದಲ್ಲಿ ಲೇಸಿಕ್ ಮಾಡಿಸಿಕೊಂಡ ಸಹೋದ್ಯೋಗಿಯೊಬ್ಬರು ಮೂರನೆಯ ದಿನ ಮಾರುಕಟ್ಟೆಯಲ್ಲಿ ಮೀನು ಆರಿಸುತ್ತಿದ್ದರು.

ಸ್ಟೀರಾಯ್ಡ್ ಹನಿಯನ್ನು ಕಡಿಮೆ ಮಾಡುತ್ತ ಮಾಡುತ್ತ ಸುಮಾರು ಮೂರು ತಿಂಗಳು ಹಾಕಿದೆ. ಆ ಹನಿಯಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುವುದರಿಂದ ನಡುವೆ ಒತ್ತಡ ನೋಡಿಸಲು ಹೋಗಲೇಬೇಕು. ಮರುದಿನ, ಐದನೆಯ ದಿನ, ಒಂದು ತಿಂಗಳು, ಮೂರು ತಿಂಗಳು ಎಂದು ನನಗೆ ಕರೆದಿದ್ದರು. ಹಳ್ಳಿಯಲ್ಲಿರುವವರು ಚಿಕಿತ್ಸೆಯ ಖರ್ಚಿನ ಜೊತೆ ಈ ಓಡಾಟವನ್ನೂ, ಮೊದಲ ವಾರ ಜೊತೆಗಿರುವ ಒಬ್ಬರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಾತ್ರಿ ಪ್ರಯಾಣದ ವಿಷಯ ನಿಮಗೆ ಮುಖ್ಯವಾದೀತು. ಮೊದಲ ಆರು ತಿಂಗಳು ಎದುರಿನ ವಾಹನದ ದೀಪದ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣುತ್ತಿತ್ತು, ಮಂಜಿದ್ದರೆ ಇನ್ನೂ ಹೆಚ್ಚು. ಈಗ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿದೆ ಎನ್ನಲಾರೆ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಗಾಜಿನಂಗಡಿಯವರ ಊಹೆ ಸರಿ. ಎರಡನೆಯ ಕಡೆ ಹೋದಾಗ ಬೆಳಿಗ್ಗೆಯಿಂದ ಲೆನ್ಸ್ ಹಾಕಿದ್ದೆ, ಅಲ್ಲೇ ತೆಗೆಸಿ ಅರ್ಧ ಗಂಟೆ ಕೂರಿಸಿ ಪರೀಕ್ಷೆ ಮಾಡಿದರು. ಮೊದಲನೆಯ ಕಡೆ ಹತ್ತು ದಿನ ಲೆನ್ಸ್ ಬಿಟ್ಟು ಬನ್ನಿ ಎಂದು ಮೊದಲೇ ಹೇಳಿದ್ದರು.

ಎರಡು ಪ್ರಶ್ನೆಗಳು ಉಳಿದಿವೆ. ಐಸಿಎಲ್ ಎಂದರೆ ಕಣ್ಣಿನೊಳಗೇ ಲೆನ್ಸ್ ಇಡುವುದು ಎಂದು ಕೇಳಿ ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಅದು ನನ್ನ ಪವರಿಗೆ ಅಗತ್ಯವೇ? ಎರಡನೆಯದು ತೋಟದ ಕೆಲಸ. ಚಿಕಿತ್ಸೆಯ ನಂತರ ಔಷಧಿ ಹೊಡೆಯುವುದು, ದೋಟಿ (ಕೊಯ್ಲಿನ ಉದ್ದ ಕೋಲು) ಹಿಡಿಯುವುದು ಯಾವಾಗಿನಿಂದ?

ಗಾಜಿನಂಗಡಿ

ಐಸಿಎಲ್‌ನಲ್ಲಿ ಕಾರ್ನಿಯಾವನ್ನು ಕೆರೆಯುವುದಿಲ್ಲ. ಅಂಚಿನಲ್ಲಿ ಮೂರು ಮಿಲಿಮೀಟರಿನಷ್ಟು ಸೀಳು ಮಾಡಿ, ಮಡಚಿದ ಮೃದು ಮಸೂರವನ್ನು ಕಣ್ಣಿನ ಬಣ್ಣದ ಭಾಗದ ಹಿಂದೆ, ನಿಮ್ಮ ಸ್ವಂತ ಮಸೂರದ ಮುಂದೆ ಇರಿಸುತ್ತಾರೆ. ಬೇಡವೆಂದಾಗ ಹೊರತೆಗೆಯಬಹುದು ಎಂಬುದು ಅದರ ದೊಡ್ಡ ಅನುಕೂಲ. ಪವರ್ ಎಂಟು, ಹತ್ತು, ಹನ್ನೆರಡು ಎಂದು ಏರಿದಂತೆಲ್ಲ ಲೇಸರಿಗಿಂತ ಇದರ ತೂಕ ಹೆಚ್ಚಾಗುತ್ತದೆ, ದೃಷ್ಟಿಯ ಗುಣಮಟ್ಟವೂ ಚೆನ್ನಾಗಿರುತ್ತದೆ. ಆದರೆ ಇದು ಕಣ್ಣಿನ ಒಳಗಿನ ಶಸ್ತ್ರಚಿಕಿತ್ಸೆ. ಸೋಂಕು ತೀರ ಅಪರೂಪ, ಆದರೆ ಬಂದರೆ ಗಂಭೀರ. ಮಸೂರದ ಅಳತೆ ಸರಿಹೊಂದದಿದ್ದರೆ ಒಳಗಿನ ಒತ್ತಡ ಏರಬಹುದು, ಅಥವಾ ಸ್ವಂತ ಮಸೂರಕ್ಕೆ ತಾಗಿ ಕಣ್ಣಿನ ಪೊರೆ (ಕ್ಯಾಟರ್ಯಾಕ್ಟ್) ಬೇಗ ಬರಬಹುದು. ನಡುವೆ ರಂಧ್ರವಿರುವ ಹೊಸ ಮಾದರಿಗಳಲ್ಲಿ ಈ ಎರಡೂ ಕಡಿಮೆಯಾಗಿವೆ. ಕಣ್ಣಿನ ಮುಂಗೋಣೆಯ (ಕಾರ್ನಿಯಾದ ಹಿಂದೆ, ಸ್ವಂತ ಮಸೂರದ ಮುಂದೆ ಇರುವ ಜಾಗದ) ಆಳ 2.8ರಿಂದ 3 ಮಿಲಿಮೀಟರ್ ಆದರೂ ಇರಬೇಕು, ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆ ಸಾಕಷ್ಟಿರಬೇಕು, ಮುಂದೆಯೂ ವರ್ಷಕ್ಕೊಮ್ಮೆ ಅದನ್ನು ನೋಡಿಸಬೇಕು. ಖರ್ಚು ಲೇಸರಿಗಿಂತ ಗಣನೀಯವಾಗಿ ಹೆಚ್ಚು. ನಿಮ್ಮ ನಕ್ಷೆ ಸರಿಯಿದ್ದರೆ ಪಿಆರ್‌ಕೆ ಸಾಲುತ್ತದೆ ಎಂಬುದು ನನ್ನ ಅಭಿಪ್ರಾಯ. ನಕ್ಷೆಯಲ್ಲಿ ಸಣ್ಣ ಸಂಶಯವಿದ್ದರೂ ಲೇಸರನ್ನು ಮರೆತು ಐಸಿಎಲ್ ಕಡೆ ನೋಡಬೇಕು. ವಿಮೆಯನ್ನು ನೆಚ್ಚಿಕೊಳ್ಳಬೇಡಿ. 7.5 ಡಯಾಪ್ಟರ್‌ಗಿಂತ ಕಡಿಮೆಯ ದೃಷ್ಟಿದೋಷಕ್ಕೆ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ತೋಟದ ಪ್ರಶ್ನೆಯನ್ನು ನೀವು ಆಸ್ಪತ್ರೆಯಲ್ಲಿ ಕೇಳಿದಿರೋ ಇಲ್ಲವೋ ಗೊತ್ತಿಲ್ಲ. ಬಹಳ ಜನ ಕೇಳುವುದಿಲ್ಲ, ಅಲ್ಲಿಯವರೂ ಕಂಪ್ಯೂಟರ್ ಎಷ್ಟು ಹೊತ್ತು ನೋಡುತ್ತೀರಿ ಎಂದಷ್ಟೇ ವಿಚಾರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ನಿಮಗೆ ಲೇಸಿಕ್ ಬೇಡ ಎನ್ನಲು ಮೈಕ್ರಾನ್ ಲೆಕ್ಕದಷ್ಟೇ ದೊಡ್ಡ ಕಾರಣ ಇಲ್ಲಿದೆ. ಲೇಸಿಕ್‌ನ ಹಾಳೆ ಹೊರ ಅಂಚಿನಲ್ಲಿ ಕೂಡಿಕೊಳ್ಳುತ್ತದೆಯೇ ಹೊರತು ಮೊದಲಿನ ಬಲಕ್ಕೆ ಎಂದೂ ಮರಳುವುದಿಲ್ಲ. ವರ್ಷಗಳ ನಂತರವೂ ಕಣ್ಣಿಗೆ ಬಲವಾದ ಪೆಟ್ಟು ಬಿದ್ದು ಹಾಳೆ ಸರಿದ ಪ್ರಕರಣಗಳಿವೆ. ಅಡಿಕೆ ಮರದಿಂದ ಜಾರುವ ಸೋಗೆ, ದೋಟಿಯ ತುದಿಯಿಂದ ಸಿಡಿಯುವ ಚೂರು, ಕಾಫಿ ಗಿಡದ ಕೊಂಬೆ, ಇವು ನಮ್ಮಲ್ಲಿ ದಿನನಿತ್ಯದ ಮಾತು. ಪಿಆರ್‌ಕೆ ಆದ ಕಣ್ಣು ಒಮ್ಮೆ ಮಾಯ್ದ ಮೇಲೆ ಸರಿಯಲು ಹಾಳೆಯೇ ಇರುವುದಿಲ್ಲ.

ಔಷಧಿಯ ವಿಷಯದಲ್ಲಿ ಭಯಪಡಬೇಕಾದದ್ದು ಮೈಲುತುತ್ತಕ್ಕಿಂತ ಸುಣ್ಣಕ್ಕೆ. ಸುಣ್ಣ ಕ್ಷಾರ, ಕ್ಷಾರ ಕಣ್ಣಿನ ಅಂಗಾಂಶದೊಳಕ್ಕೆ ಇಳಿಯುತ್ತ ಹೋಗುತ್ತದೆ. ಬೋರ್ಡೋ ದ್ರಾವಣ, ಅಂದರೆ ಆ ಕೊಳೆ ಔಷಧಿ, ಕದಡುವಾಗ, ಸುಣ್ಣ ಅರಳಿಸುವಾಗ, ಹೊಡೆಯುವಾಗ ಸುತ್ತಲೂ ಮುಚ್ಚಿಕೊಳ್ಳುವ ರಕ್ಷಣಾ ಕನ್ನಡಕ ಇರಲೇಬೇಕು. ಶಸ್ತ್ರಚಿಕಿತ್ಸೆ ಮಾಡಿಸಿದವರಿಗೆ ಮಾತ್ರವಲ್ಲ, ನಿಮ್ಮ ತಂದೆಯವರಿಗೂ. ಹಾರಿದರೆ ಆ ಕ್ಷಣವೇ ಶುದ್ಧ ನೀರಿನಿಂದ ಕನಿಷ್ಠ ಕಾಲು ಗಂಟೆ ರೆಪ್ಪೆ ಬಿಡಿಸಿ ತೊಳೆದು, ಆಮೇಲೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಇಷ್ಟು ವರ್ಷ ನಿಮ್ಮ ಪವರ್ ಗಾಜು ಅರಿವಿಲ್ಲದೆಯೇ ಈ ಕಾವಲು ಕೆಲಸ ಮಾಡುತ್ತಿತ್ತು, ಇನ್ನು ಮುಂದೆ ಅದು ಇರುವುದಿಲ್ಲ ಎಂಬುದನ್ನು ನೆನಪಿಡಿ.

ಚಿಕಿತ್ಸೆಯಾದ ಮೊದಲ ತಿಂಗಳು ತೋಟ, ಕೊಟ್ಟಿಗೆ, ಅಡಿಕೆ ಸುಲಿಯುವ ಜಾಗ, ಹೊಳೆಯ ಈಜು ಯಾವುದೂ ಬೇಡ. ಆಮೇಲೆಯೂ ಮೂರು ತಿಂಗಳವರೆಗೆ ವೈದ್ಯರನ್ನು ಕೇಳದೆ ಔಷಧಿ ಹೊಡೆಯಲು ಹೋಗಬೇಡಿ. ಎಲೆ ಕಡ್ಡಿ ತಾಗಿ ಕಣ್ಣು ಕೆಂಪಾದರೆ, ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಹನಿಯನ್ನು ಸ್ವಂತ ಬುದ್ಧಿಯಿಂದ ಹಾಕಿಕೊಳ್ಳಬೇಡಿ. ಸಸ್ಯದಿಂದಾದ ಗಾಯದಲ್ಲಿ ಶಿಲೀಂಧ್ರದ ಸೋಂಕು ಬರಬಹುದು, ಆ ಹನಿ ಅದಕ್ಕೆ ಗೊಬ್ಬರ ಹಾಕಿದಂತೆ.

ಕೊಪ್ಪದವಳು

ಪರೀಕ್ಷೆಯಲ್ಲೇ ತಿರಸ್ಕೃತಳಾದವಳು ನಾನು. 21ನೆಯ ವಯಸ್ಸಿನಲ್ಲಿ ಮದುವೆಗೆ ಮುಂಚೆ ಕನ್ನಡಕ ತೆಗೆಸೋಣ ಎಂದು ಮನೆಯವರು ಕರೆದೊಯ್ದಿದ್ದರು. ಪ್ರತಿ ವರ್ಷ ಸಿಲಿಂಡರ್ ಪವರ್ ಏರುತ್ತಿದ್ದುದಕ್ಕೆ ಯಾರೂ ಗಮನ ಕೊಟ್ಟಿರಲಿಲ್ಲ. ಕಾರ್ನಿಯಾದ ನಕ್ಷೆ ತೆಗೆದಾಗ ಕೆಳಭಾಗ ಉಬ್ಬಿ ಚೂಪಾಗುತ್ತಿರುವುದು ಕಂಡಿತು, ಕೆರಟೋಕೋನಸ್ ಎಂದರು. ಅಂತಹ ಕಣ್ಣಿಗೆ ಲೇಸಿಕ್ ಮಾಡಿದ್ದರೆ ಉಬ್ಬು ವೇಗವಾಗಿ ಹೆಚ್ಚಾಗಿ ದೃಷ್ಟಿಯೇ ಕೆಡುತ್ತಿತ್ತಂತೆ.

ವೈದ್ಯರು ಮೊದಲು ಕೇಳಿದ ಪ್ರಶ್ನೆ "ಕಣ್ಣು ಉಜ್ಜುತ್ತೀರಾ?" ಎಂದು. ಅಲರ್ಜಿಯಿಂದ ಬಾಲ್ಯದಿಂದಲೂ ಉಜ್ಜುತ್ತಿದ್ದೆ. ಸುಲಿ ಅಡಿಕೆಯ ಧೂಳಿನ ಕಾಲದಲ್ಲಂತೂ ಅಂಗೈಯಿಂದಲೇ ತಿಕ್ಕುತ್ತಿದ್ದೆ. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಬೆಳಕು ಬಿಟ್ಟು ಕಾರ್ನಿಯಾವನ್ನು ಬಿಗಿಗೊಳಿಸುವ ಸಿ3ಆರ್ ಚಿಕಿತ್ಸೆ ಮಾಡಿದರು. ಅದು ರೋಗವನ್ನು ನಿಲ್ಲಿಸಲು, ಕನ್ನಡಕ ಬಿಡಿಸಲು ಅಲ್ಲ. ಈಗ ಗಟ್ಟಿ ಲೆನ್ಸ್ ಹಾಕುತ್ತೇನೆ. ನಿಮಗೆ 498 ಎಂಬ ತೆಳು ಕಾರ್ನಿಯಾ ಮತ್ತು ಸಿಲಿಂಡರ್ ಎರಡೂ ಇರುವುದರಿಂದ, ದಪ್ಪದ ಅಂಕಿಯೊಂದನ್ನೇ ಹಿಡಿದುಕೊಳ್ಳದೆ ಮುಂದಿನ ಮತ್ತು ಹಿಂದಿನ ಎರಡೂ ಮೇಲ್ಮೈಗಳ ನಕ್ಷೆಯನ್ನು ಕೇಳಿ. ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದೆಯೇ ಎಂದೂ ವಿಚಾರಿಸಿ.

ಹಳೆಯ ಚಾಳೀಸು

2004ರಲ್ಲಿ, ನನ್ನ 31ನೆಯ ವಯಸ್ಸಿನಲ್ಲಿ ಲೇಸಿಕ್ ಮಾಡಿಸಿಕೊಂಡೆ. ಹತ್ತು ವರ್ಷ ರಾಜನಂತೆ ಓಡಾಡಿದೆ. 42ಕ್ಕೆ ಪತ್ರಿಕೆ ಓದಲು ಚಾಳೀಸು ಬಂತು. ಕನ್ನಡಕವಿದ್ದ ಸಮಪ್ರಾಯದ ಗೆಳೆಯರು ಅದನ್ನು ಹಣೆಗೇರಿಸಿ ಬರಿಗಣ್ಣಿನಲ್ಲಿ ಸಣ್ಣಕ್ಷರ ಓದುತ್ತಿದ್ದರು, ನಾನು ಮಾತ್ರ ಜೇಬು ತಡಕುತ್ತಿದ್ದೆ. ಮೈನಸ್ ಕಣ್ಣಿನ ಆ ಸೌಕರ್ಯವೂ ಮೈನಸ್ ಜೊತೆಗೇ ಹೋಗುತ್ತದೆ ಎಂದು ಅಂದು ತೋಚಿರಲಿಲ್ಲ.

ಈಗ ಪೊರೆ ಶುರುವಾಗಿದೆ. ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ಮಸೂರದ ಪವರನ್ನು ಕಾರ್ನಿಯಾದ ಬಾಗು ನೋಡಿ ಲೆಕ್ಕ ಹಾಕುತ್ತಾರೆ; ಲೇಸರ್ ಆದ ಕಾರ್ನಿಯಾದಲ್ಲಿ ಮಾಮೂಲು ಸೂತ್ರ ತಪ್ಪು ಉತ್ತರ ಕೊಡುತ್ತದೆ. ಹೊಸ ಸೂತ್ರಗಳಿವೆ, ಆದರೂ ವೈದ್ಯರು ಮೊದಲು ಕೇಳಿದ್ದು 2004ರ ಹಳೆಯ ಪವರ್ ಮತ್ತು ಅಳತೆಗಳ ಕಾಗದವನ್ನು. ಮಾಡಿದ ಸಂಸ್ಥೆ ಬಾಗಿಲು ಮುಚ್ಚಿದೆ, ನನ್ನ ಕಡತ ಮನೆ ಬದಲಾಯಿಸುವಾಗ ಹಂಡೆ ಒಲೆಗೆ ಹೋಗಿರಬೇಕು. ಕಾಗದಗಳನ್ನು ಜಮೀನಿನ ಪಹಣಿಯ ಜೊತೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಕನ್ನಡಕ ಹೋದರೂ ರೆಟಿನಾ ಮೈನಸ್ ಕಣ್ಣಿನದ್ದೇ. ಹನಿ ಹಾಕಿ ಪಾಪೆ ಹಿಗ್ಗಿಸಿ ಅದರ ಅಂಚನ್ನು ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಕಣ್ಣ ಮುಂದೆ ಹಠಾತ್ತನೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತಹ ನೆರಳು ಕಂಡರೆ ಅದೇ ದಿನ ಹೋಗಬೇಕು.

ತುಂಗಾತೀರ

ಎಲ್ಲವನ್ನೂ ತಂದೆಯವರಿಗೆ ಓದಿ ಹೇಳಿದೆ. ಸುಣ್ಣದ ಮಾತಿಗೆ ಮಾತ್ರ ತಲೆಯಾಡಿಸಿದರು. ಎರಡು ರಕ್ಷಣಾ ಕನ್ನಡಕ ತಾ ಎಂದಿದ್ದಾರೆ. ಚಿಕಿತ್ಸೆಯ ದಿನವನ್ನು ಈಗ ನಿಗದಿ ಮಾಡುತ್ತಿಲ್ಲ. ಲೆನ್ಸನ್ನು ಇಂದಿನಿಂದಲೇ ಬಿಟ್ಟಿದ್ದೇನೆ, ಎರಡು ವಾರದ ನಂತರ ಮೊದಲನೆಯ ಕಡೆಯೇ ಮತ್ತೊಮ್ಮೆ ನಕ್ಷೆ ತೆಗೆಸುತ್ತೇನೆ. ಸರಿಯಿದ್ದರೆ ಈ ವರ್ಷದ ಅಡಿಕೆ ಕೊಯ್ಲು, ಸುಲಿಯುವುದು ಎಲ್ಲ ಮುಗಿದು ಮುಂದಿನ ಮಳೆಗಾಲದ ಔಷಧಿಗೆ ಮೂರು ತಿಂಗಳು ಉಳಿದಿರುವಂತೆ ಪಿಆರ್‌ಕೆ. ಬೇಸಿಗೆಯ ಬಿಸಿಲಾದ್ದರಿಂದ ಕಪ್ಪು ಕನ್ನಡಕ ಬೇಕಾಗುತ್ತದೆ. ಎರಡನೆಯ ಕಡೆಯ ವರದಿ ನನ್ನ ಬಳಿ ಇಲ್ಲ, ಬಾಯಿಮಾತಿನಲ್ಲಷ್ಟೇ ಹೇಳಿದ್ದರು. ಅದನ್ನು ಕೇಳಿದರೆ ಕೊಡುತ್ತಾರೆಯೇ?

ಗಾಜಿನಂಗಡಿ

ಕೊಡಬೇಕು, ಅದು ನಿಮ್ಮ ದಾಖಲೆ. ಎರಡೂ ಕಣ್ಣುಗಳ ಬಣ್ಣದ ನಕ್ಷೆಯಿರುವ ಪುಟಗಳನ್ನೇ ಕೇಳಿ, ಬರೀ ಪವರ್ ಬರೆದ ಚೀಟಿ ಸಾಲದು. ಲೆನ್ಸ್ ತೆಗೆದ ದಿನವೇ ತೆಗೆದ ನಕ್ಷೆ ಎಂದು ಅದರ ಮೇಲೆ ನೀವೇ ಪೆನ್ನಿನಲ್ಲಿ ಬರೆದಿಡಿ. ಹೊಸ ನಕ್ಷೆ ಬಂದ ಮೇಲೆ ಅಂಕಿಗಳನ್ನು ಇಲ್ಲಿ ಹಾಕಿದರೆ ಲೆಕ್ಕವನ್ನು ಮತ್ತೊಮ್ಮೆ ನೋಡೋಣ.